ಕೇಳದೆ ಬರೆದ ಕಾರಣ

ರೋಗಿಯನ್ನು ಒಂದು ಮಾತೂ ಕೇಳದೆ ಅವಳ ರೋಗದ ಕಾರಣವನ್ನು ಬರೆದು, ಅದನ್ನು ಸಂಶೋಧನೆ ಎಂದು ಮೆರೆಯುವವನನ್ನು ನೀವು ಏನೆಂದು ಕರೆಯುತ್ತೀರಿ, ಓದುಗರೇ? ನಮ್ಮ ಹಾಸನದಲ್ಲಿ ಅಂಥವರನ್ನು ದೊಡ್ಡ ಡಾಕ್ಟರು ಎಂದು ಕರೆಯುತ್ತಿದ್ದೆವು.

ಕಳೆದ ತಿಂಗಳು ಹೊಳೆನರಸೀಪುರದ ಬಂಧುಗಳೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಬಡಿಸಲು ತಂದ ನಿಂಬೆಯ ಉಪ್ಪಿನಕಾಯಿ ಎತ್ತರವಾದ ಗಾಜಿನ ಜಾಡಿಯಲ್ಲಿತ್ತು. ಅದರ ಮೈಮೇಲೆ ಔನ್ಸುಗಳ ಗೆರೆ. ಹಾಸನದ ಆಸ್ಪತ್ರೆಯ ಹಳೆಯ ಸಾಮಾನು ಹರಾಜಾದಾಗ ಕೊಂಡದ್ದೆಂದು ಮನೆಯವರು ಹೆಮ್ಮೆಯಿಂದ ಹೇಳಿದರು. ನಾನು ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದೆ. ಅಂಥದೇ ಜಾಡಿಯಲ್ಲಿ ಮನುಷ್ಯರ ಹೊಟ್ಟೆಯ ನೀರು ತುಂಬುವುದನ್ನು ನಾನು ನೋಡಿದ್ದೆ...

ಮೂವತ್ತರ ದಶಕದ ಕೊನೆಯ ವರ್ಷಗಳವು. ಕಾಲೇಜಿನ ಚರ್ಚಾಕೂಟದಿಂದ ನೇರವಾಗಿ ಪಾನನಿರೋಧ ಸಂಘಕ್ಕೆ ಬಂದಿದ್ದ ನಾನು ಅದರ ಭಾಷಣಗಳ ಏರ್ಪಾಡು ನೋಡಿಕೊಳ್ಳುತ್ತಿದ್ದೆ. ಆ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಲಿವರಿನ ಕಾಯಿಲೆಯ ಮೇಲೆ ಪ್ರಬಂಧ ಬರೆದು ಮದರಾಸಿನ ವೈದ್ಯರಿಂದ ಶಹಭಾಸ್ ಎನ್ನಿಸಿಕೊಳ್ಳುವ ಹಂಬಲ. ಜಲೋದರದಿಂದ ಹೊಟ್ಟೆ ಊದಿದವರು ಸುತ್ತಲ ತಾಲ್ಲೂಕುಗಳಿಂದ ಗಾಡಿಗಳಲ್ಲಿ ಬರುತ್ತಿದ್ದರು. ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆದು, ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಹನಿಯೂ ತಪ್ಪದಂತೆ ಅಳೆಯುತ್ತಿದ್ದರು. ನೀರಿಗೆ ಅಷ್ಟು ಗೌರವ! ಅದು ಬಂದ ಹೊಟ್ಟೆಯ ಒಡೆಯನಿಗೆ ಎರಡೇ ಪ್ರಶ್ನೆ: ಯಾವ ಊರು, ಯಾವ ಜಾತಿ. ಜಾತಿ ತಿಳಿದ ಮೇಲೆ ಕಾರಣಕ್ಕಾಗಿ ಹುಡುಕುವ ಶ್ರಮ ಅವರಿಗಿರಲಿಲ್ಲ. ಕೆಳಗಿನವರೆಂದು ತಾವು ಎಣಿಸಿದವರಿಗೆ ಹೆಂಡ. ಬಾಯಿ ತೆರೆದರೆ ಬ್ರಾಂದಿ ನಾರುತ್ತಿದ್ದ ವಕೀಲರಿಗೆ ಮಲೇರಿಯಾ. ಇದು ಅವರ ವಿಜ್ಞಾನ.

ಅರಕಲಗೂಡಿನ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ಅವರ ಕೈಗೆ ಸಿಕ್ಕಿದಳು. ಅವಳದು ಈಚಲ ಮರದಿಂದ ಹೆಂಡ ಇಳಿಸುವವರ ಮನೆ. ಡಾಕ್ಟರಿಗೆ ಅಷ್ಟೇ ಸಾಕಾಯಿತು. ನಮ್ಮ ಸಂಘದ ಸಭೆಗೆ, ಪಟ್ಟಣದ ದೊಡ್ಡವರ ಮುಂದೆ ಒಳ್ಳೆಯ ಔಷಧ ಕೊಡಿಸುತ್ತೇನೆಂದು ನಂಬಿಸಿ ಅವಳನ್ನು ಜಟಕಾದಲ್ಲಿ ಕರೆತಂದರು. ಬೆತ್ತದ ತುದಿಯನ್ನು ಅವಳ ಹೊಟ್ಟೆಯ ಕಡೆಗೆ ಚಾಚಿ, “ಇದು ಹೆಂಡ ಕಟ್ಟಿದ ಗುಡಿ” ಎಂದರು. ಸಭೆ ಚಪ್ಪಾಳೆ ತಟ್ಟಿತು.

ಅವಳು ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. “ನಾನು ಕುಡ್ದೋಳಲ್ಲ ಕಣ್ ಸ್ವಾಮಿ! ಮರ ಇಳ್ಸೋರ್ ಮನೆ ಎಂಗಸ್ರು ಎಂಡದ್ ಮಡಕೆ ಮುಟ್ಟಾಕಿಲ್ಲ. ಮುಟ್ಟುದ್ರೆ ಮರ ಸುರಿಯಾಕಿಲ್ಲ ಅಂತ ನಮ್ ಅತ್ತೆ ಕಾಲ್ದಿಂದ್ಲೂ ಐತೆ.”

“ಅಂಗಾರೆ ಮರವೇ ಕುಡೀತೇನವ್ವಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ತಾರಸಿಗೆ ಮುಟ್ಟಿತು.

ಡಾಕ್ಟರು ನಗು ಅಡಗುವವರೆಗೆ ಕಾದು, ಪಾಠ ಒಪ್ಪಿಸುವಂತೆ ಹೇಳಿದರು: “ರೋಗಿ ಸುಳ್ಳು ಹೇಳಬಹುದು. ಲಿವರ್ ಸುಳ್ಳು ಹೇಳುವುದಿಲ್ಲ.”

ಆಚೆ ಬಂದ ಮೇಲೆ ಅವಳು ನನ್ನನ್ನು ತಡೆದಳು. ಮಗಳಿಗೆ ಚನ್ನರಾಯಪಟ್ಟಣದ ಕಡೆ ಗಂಡು ಗೊತ್ತಾಗಿತ್ತು. ಆ ಹುಡುಗನ ಚಿಕ್ಕಪ್ಪ ಅಂದು ಸಭೆಯಲ್ಲಿ ಕುಳಿತಿದ್ದನಂತೆ. “ನಾನ್ ಸಾಯೋಳೇ, ಓಗ್ಲಿ ಬುಡಿ. ಕುಡುಕಿ ಮಗ್ಳು ಅಂದ್ರೆ ಆ ಮಗೀನ ಯಾರು ಕಟ್ಕತಾರೆ? ನಾನು ಮುಟ್ದೋಳಲ್ಲ ಅಂತ ನೀವಾರಾ ಒಂದ್ ಮಾತು ಯೇಳಿ ಸಾ.”

ನಾನು ಆಗಲೇ ಹೋಗಿ ಡಾಕ್ಟರನ್ನು ಕೇಳಿದೆ: ನೀವು ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬಂತು? ಅವರು ಬೆತ್ತವನ್ನು ಕಂಕುಳಿಗೆ ಸಿಕ್ಕಿಸುತ್ತ, “ಡಿಬೇಟು ನಿನ್ನ ಕಾಲೇಜಿಗೆ ಇಟ್ಟುಕೋ, ತಮ್ಮಾ. ನಿನ್ನ ಸಂಘಕ್ಕೇ ಉಪಕಾರವಾಗಿರುವಾಗ ನಿನಗೇನು ಸಂಕಟ?” ಎಂದರು. ಸಂಘದ ಹಿರಿಯರೂ ಅದನ್ನೇ ಅಂದರು. ಸುಳ್ಳನ್ನು ಊರುಗೋಲು ಮಾಡಿಕೊಂಡ ಸತ್ಯ ಎಷ್ಟು ದೂರ ನಡೆದೀತು ಎಂದು ಅವರ ಮುಖಕ್ಕೆ ಹೇಳಿ ಸಂಘ ಬಿಟ್ಟೆ. ಚನ್ನರಾಯಪಟ್ಟಣಕ್ಕೂ ಹೋದೆ. ಹುಡುಗನ ಮನೆಯವರು ಮಜ್ಜಿಗೆ ಕೊಟ್ಟು, ವಿನಯದಿಂದಲೇ, “ದೊಡ್ಡ ಡಾಕ್ಟ್ರೇ ಯೇಳವ್ರಲ್ಲ ಸಾ” ಎಂದರು. ತಾಂಬೂಲ ಹಿಂದಕ್ಕೆ ಹೋಯಿತು. ತಾಯಿ ಆ ಬೇಸಗೆಯಲ್ಲೇ ತೀರಿಕೊಂಡಳು. ಪ್ರಬಂಧ ಅಚ್ಚಾಯಿತು, ಡಾಕ್ಟರಿಗೆ ಹಾರ ಬಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ಡಾಕ್ಟರ ಕಣ್ಣು ಹಳದಿಯಾಯಿತು, ಆಮೇಲೆ ಹೊಟ್ಟೆ ಊದಿತು. ಜೀವಮಾನದಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿಯದ ಮನುಷ್ಯ. ಆದರೆ ಲಿವರಿನ ವಿಷಯದಲ್ಲಿ ಊರಿಗೆ ಪಾಠ ಹೇಳಿದವರು ಅವರೇ. ಊರು ಚೆನ್ನಾಗಿ ಕಲಿತಿತ್ತು. “ಕದ್ದು ಕುಡೀತಿದ್ರು ಕಣ್ಲಾ” ಎಂದು ಪೇಟೆಯ ಅಂಗಡಿಗಳಲ್ಲೆಲ್ಲ ಮಾತು. ನಾನು ನೋಡಲು ಹೋದಾಗ ಒಣಗಿದ ಕೈಯಿಂದ ನನ್ನ ತೋಳು ಹಿಡಿದರು. “ನಾನು ಮುಟ್ಟಿದವನಲ್ಲ, ನಿನಗೆ ಗೊತ್ತು. ನೀನಾದರೂ ಒಂದು ಮಾತು ಹೇಳಯ್ಯ...”

ಅದೇ ಮಾತು. ಯಾರ ಮಾತೆಂದು ಅವರಿಗೆ ನೆನಪಾದಂತೆ ತೋರಲಿಲ್ಲ. ನಾನೂ ನೆನಪಿಸಲಿಲ್ಲ. ಪೇಟೆಯಲ್ಲಿ ಅಂಗಡಿ ಅಂಗಡಿಗೂ ಹೋಗಿ ಅವರು ಕುಡಿದವರಲ್ಲವೆಂದು ಹೇಳಿದೆ. ಪ್ರೀತಿಯಿಂದಲ್ಲ, ಅದು ನಿಜವಾಗಿತ್ತು. ಆ ಹೆಂಗಸಿನ ವಿಷಯದಲ್ಲೂ ಅದು ನಿಜವಾಗಿತ್ತು, ಅವರು ಹೇಳಲಿಲ್ಲ. ಅವರ ಮೇಲಿನ ನನ್ನ ತಿರಸ್ಕಾರ ಅವರ ಚಿತೆಯೊಡನೆ ಆರಲಿಲ್ಲ.

ಆ ಹುಡುಗಿಯನ್ನು ಎಷ್ಟೋ ವರ್ಷ ವಿಚಾರಿಸಿದೆ. ಅಣ್ಣನೊಡನೆ ಕಾಫಿತೋಟಗಳ ಕಡೆಗೆ ಹೋದಳೆಂದರು. ಅಲ್ಲಿಂದಾಚೆ ಏನಾದಳೋ... ಜಾಡಿ ಮಾತ್ರ ಉಳಿದಿದೆ, ಗೆರೆ ಮಾಸದೆ, ನಿಂಬೆಹಣ್ಣಿನ ಹೋಳು ತುಂಬಿಕೊಂಡು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮವರೊಡನೆ ಆಸ್ಪತ್ರೆಗೆ ಹೋದಾಗ, ರೋಗದ ಕಾರಣವೆಂದು ಡಾಕ್ಟರು ಬರೆದುದನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ರೋಗಿ ಅದನ್ನು ಕೇಳಿ ತನ್ನ ಮಾತು ಹೇಳಿ ಮುಗಿಸುವವರೆಗೆ ಅಲ್ಲಿಂದ ಏಳಬೇಡಿ.