ಪವರ್ ಬಟನ್ನಿನ ಮೇಲಿನ ಕುಂಕುಮ

ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಮೇಜಿಗೆ ಬಂದ ಫೈಲುಗಳಲ್ಲಿ ಬಲು ಸುಲಭದ್ದು ಸಾಫ್ಟ್‌ವೇರ್ ನವೀಕರಣದ ಫೈಲು. ಹಿಂದಿನ ವರ್ಷದ ಟಿಪ್ಪಣಿ ತೆಗೆಯಬೇಕು, ಇಸವಿ ಬದಲಿಸಬೇಕು, ಸಹಿಗೆ ಇಡಬೇಕು. ಹಿಂದೆ ಈ ಮೇಜಿನಲ್ಲಿ ಕೂತವರೆಲ್ಲ ಅಷ್ಟನ್ನೇ ಮಾಡಿದ್ದರು.

ನಮ್ಮ ಇಲಾಖೆ ರೈತರ ಅರ್ಜಿಗಳನ್ನು ಒಂದು ಸಾಫ್ಟ್‌ವೇರಿನಲ್ಲಿ ದಾಖಲಿಸುತ್ತದೆ. ಅದಕ್ಕೆ ಕಂಪ್ಯೂಟರಿಗೊಂದು ಲೈಸೆನ್ಸು. ಲೈಸೆನ್ಸಿಗೆ ವರ್ಷಕ್ಕೊಂದು ಶುಲ್ಕ. ನನಗೆ ವಹಿಸಿದ್ದು ನಾಲ್ಕು ಕಚೇರಿ: ನಾನು ಕೂರುವ ಚಿಕ್ಕಬಳ್ಳಾಪುರದಲ್ಲಿ ಒಂಬತ್ತು, ಶಿಡ್ಲಘಟ್ಟದಲ್ಲಿ ಏಳು, ಗೌರಿಬಿದನೂರಿನಲ್ಲಿ ಎಂಟು, ಚಿಂತಾಮಣಿಯಲ್ಲಿ ಏಳು. ಒಟ್ಟು ಮೂವತ್ತೊಂದು. ಕೂಡಿದ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡುವುದು ನನ್ನ ಅಭ್ಯಾಸ. ಆಗಲೂ ಮೂವತ್ತೊಂದೇ ಬಂತು.

ಅದೇ ವಾರ, ಜನವರಿಯ ಮೊದಲ ಸೋಮವಾರ, ನಗರಗೆರೆಯಿಂದ ಒಂದು ಮನವಿ ಬಂತು. ಅಲ್ಲಿನ ನಮ್ಮ ಕೌಂಟರಿನಲ್ಲಿ ಒಬ್ಬರೇ ಕೆಲಸ ಮಾಡುತ್ತಾರೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಅವರಿಗೆ ಮೇಜು, ಕುರ್ಚಿ, ಸೀಲು ಎಲ್ಲ ಇತ್ತು; ಕಂಪ್ಯೂಟರ್ ಇರಲಿಲ್ಲ. ಬೆಳಿಗ್ಗೆ ಅರ್ಜಿ ತೆಗೆದುಕೊಂಡು, ಮಧ್ಯಾಹ್ನ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋಗಿ, ಯಾವುದಾದರೂ ಕಂಪ್ಯೂಟರ್ ಖಾಲಿಯಾಗುವ ತನಕ ಕಾದು, ಅರ್ಜಿಗಳನ್ನು ಹಾಕಿ, ಮಾರನೆಯ ದಿನ ರೈತರಿಗೆ ರಸೀತಿ ಕೊಡುತ್ತಿದ್ದರು. ಆನ್‌ಲೈನ್ ಕೆಲಸವೇ ನಡೆಯದ ಕೌಂಟರುಗಳನ್ನು ಏಪ್ರಿಲ್‌ನಿಂದ ಮುಚ್ಚಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಒಂದು ಕಂಪ್ಯೂಟರು, ಒಂದು ಲೈಸೆನ್ಸು ಕೊಟ್ಟರೆ ಕೌಂಟರು ಉಳಿಯುತ್ತದೆ ಎಂದು ಅಕ್ಕ ಬರೆದಿದ್ದರು.

ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಮನವಿ ಓದಿ, ಕನ್ನಡಕ ಹಣೆಗೇರಿಸಿದರು.

"ಹೊಸ ಲೈಸೆನ್ಸ್‌ಗೆ ದುಡ್ಡೆಲ್ಲಮ್ಮ? ಇರೋ ಮೂವತ್ತೊಂದಕ್ಕೇ ಏದುಸಿರು ಬಿಡ್ತಾ ಇದೀವಿ."

"ಸಾರ್, ಮೂವತ್ತೊಂದೂ ಬಳಸ್ತಾ ಇದಾರಾ?"

"ಬಳಸ್ದೆ ಇದ್ರೆ ವರ್ಷಾವರ್ಷ ದುಡ್ಡು ಯಾಕಮ್ಮ ಕಟ್ತೀವಿ?"

ಸಾಫ್ಟ್‌ವೇರಿನಿಂದಲೇ ತಿಳಿಯೋಣವೆಂದರೆ ಆಗುತ್ತಿರಲಿಲ್ಲ. ಪ್ರತಿ ಕಚೇರಿಯಲ್ಲೂ ಎಲ್ಲರೂ ಒಬ್ಬರದೇ ಲಾಗಿನ್ ಬಳಸುತ್ತಿದ್ದರು. ಪಾಸ್‌ವರ್ಡು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರುತ್ತಿತ್ತು. ವರದಿ ತೆಗೆದರೆ ಶಿಡ್ಲಘಟ್ಟದ ಒಬ್ಬ ಗುಮಾಸ್ತರು ಊಟಕ್ಕೂ ಏಳದೆ ಏಳು ಕಂಪ್ಯೂಟರಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ಹಾಗೆ ಕಾಣುತ್ತಿತ್ತು.

"ಹೋಗಿ ನೋಡ್ಕೊಂಡ್ ಬಾ," ಎಂದರು ಸಾಹೇಬರು. "ಬಿಡುವಾಗಿರೋದು ಒಂದಾದ್ರೂ ತೋರ್ಸಿದ್ರೆ ಕೊಡೋಣ. ತಿಂಗಳ ಕೊನೇಗೆ ಫೈಲ್ ಹೋಗ್ಬೇಕು, ನೆನಪಿರ್ಲಿ."

ಸಂಕ್ರಾಂತಿ ಕಳೆದ ಸೋಮವಾರ ಶಿಡ್ಲಘಟ್ಟಕ್ಕೆ ಹೋದೆ. ಕಳವಾರದ ನಮ್ಮ ಮನೆಯಿಂದ ಸ್ಕೂಟರು. ದಾರಿಯುದ್ದಕ್ಕೂ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಬೈಕುಗಳು. ಹಿಂದಿನಿಂದ ನೋಡಿದರೆ ಸೊಪ್ಪೇ ಹೆಲ್ಮೆಟ್ ಇಲ್ಲದೆ ಓಡುತ್ತಿದೆ ಅನ್ನಿಸುತ್ತಿತ್ತು. ಕಚೇರಿಯಲ್ಲಿ ಯಾರನ್ನು ಕೇಳಿದರೂ ಎಲ್ಲ ಕಂಪ್ಯೂಟರೂ ಬಳಕೆಯಲ್ಲಿದೆ ಎಂದೇ ಹೇಳಿದರು. ಬೇರೆ ಹೇಳಿದರೆ ಕಂಪ್ಯೂಟರನ್ನೇ ಎತ್ತಿಕೊಂಡು ಹೋಗುತ್ತಾರೆಂಬ ಭಯ. ಮೂಲೆಯಲ್ಲಿ ಫೈಲಿನ ಕಟ್ಟುಗಳ ಹಿಂದೆ ಒಂದು ಕಂಪ್ಯೂಟರ್ ಇತ್ತು. ಬಗ್ಗಿ ನೋಡಿದೆ. ಪವರ್ ಬಟನ್ನಿನ ಮೇಲೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ. ಒಣಗಿ ಗಟ್ಟಿಯಾಗಿತ್ತು.

ನಮ್ಮ ಕಡೆ ಆಯುಧಪೂಜೆಯ ದಿನ ಜೀಪು, ಸ್ಟೇಪ್ಲರು, ಕಂಪ್ಯೂಟರು ಎಲ್ಲಕ್ಕೂ ಕುಂಕುಮ ಇಡುತ್ತಾರೆ. ಕಂಪ್ಯೂಟರಿಗೆ ಹಣೆ ಎಲ್ಲಿ? ಹುಡುಕಿದರೆ ಕಣ್ಣಿಗೆ ಬೀಳುವುದು ಆ ಬಟನ್ನೇ. ಹಬ್ಬ ಮುಗಿದು ಕೆಲಸ ಶುರು ಮಾಡಿದವರ ಬೆರಳು ತಗುಲಿ ಅದು ಅಳಿಸಿಹೋಗುತ್ತದೆ. ಇದು ಹಬ್ಬದ ದಿನ ಇಟ್ಟ ಹಾಗೆಯೇ ಕೂತಿತ್ತು. ಅಂದರೆ ಮೂರು ತಿಂಗಳಿಂದ ಯಾರೂ ಇದನ್ನು ಮುಟ್ಟಿಲ್ಲ!

ಪಕ್ಕದ ಮೇಜಿನ ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು.

"ಅದು ರಿಟೈರಾದೋರ್ದು ಕಣಮ್ಮ. ಅವ್ರು ಹೋಗಿ ಎರಡು ವರ್ಷ ಆಯ್ತು."

"ಇದಕ್ಕೆ ವರ್ಷಾವರ್ಷ ದುಡ್ಡು ಕಟ್ತಾ ಇದೀವಲ್ಲ ಸಾರ್?"

"ಹಂಗಾದ್ರೆ ಅವ್ರಿಗಿಂತ ಅದಕ್ಕೇ ಪೆನ್ಷನ್ ಚೆನ್ನಾಗಿ ಬರ್ತಾ ಇದೆ ಬಿಡು!"

ಅವರೇ ಜೋರಾಗಿ ನಕ್ಕು, ಇಂಥದೇ ಇನ್ನೊಂದನ್ನು ತೋರಿಸಿದರು. ಎರಡನ್ನೂ ಕಚೇರಿಯ ಮುಖ್ಯಸ್ಥರ ಎದುರಿಗೇ ಆನ್ ಮಾಡಿ, ಸಾಫ್ಟ್‌ವೇರು ಕೊನೆಯದಾಗಿ ತೆರೆದ ದಿನವನ್ನು ಬರೆದುಕೊಂಡು ಸಹಿ ಹಾಕಿಸಿದೆ. ಎರಡೂ ಎಷ್ಟು ಹಳೆಯವೆಂದರೆ, ಪರದೆ ಬೆಳಗುವ ಹೊತ್ತಿಗೆ ನನ್ನ ಕಾಫಿ ಮುಗಿದಿತ್ತು.

ಗೌರಿಬಿದನೂರಿನಲ್ಲಿ ಏನೂ ಸಿಗಲಿಲ್ಲ. ಎಂಟು ಬಟನ್ನೂ ಬೆರಳಾಡಿ ಫಳಫಳ ಹೊಳೆಯುತ್ತಿದ್ದವು. ಅಕ್ಕ ಅಲ್ಲೇ ಬೆಂಚಿನ ಮೇಲೆ, ತೊಡೆಯ ಮೇಲೆ ಅರ್ಜಿಗಳ ಚೀಲವಿಟ್ಟುಕೊಂಡು ಕಾಯುತ್ತಿದ್ದರು. ನಾನು ಹುಡುಕುತ್ತಿದ್ದ ರೀತಿ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ನಿನ್ನ! ನನ್ನ ಕೌಂಟ್ರು ಉಳಿಯೋದು ಈಗ ಕುಂಕುಮದ್ ಮೇಲೆ ನಿಂತಿದ್ಯಾ?"

"ಬಿಡುವಾಗಿರೋವು ಎರಡು ಸಿಕ್ಕಿವೆ ಅಕ್ಕ."

"ಸಿಕ್ಕಿದ್ದು ದೊಡ್ದಲ್ಲಮ್ಮ, ಕೊಟ್ರೆ ದೊಡ್ದು. ಊರಲ್ಲಿ ಆಗ್ಲೇ ಕೇಳ್ತಾವ್ರೆ, ಏಪ್ರಿಲ್‌ನಿಂದ ಒಂದು ಅರ್ಜಿ ಕೊಡೋಕೆ ಗೌರಿಬಿದ್ನೂರಿಗೇ ಹೋಗ್ಬೇಕಾ ಅಂತ. ನಾನು ಏನಂತ ಹೇಳ್ಲಿ?"

ಅಷ್ಟರಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅಕ್ಕ ಚೀಲ ಎತ್ತಿಕೊಂಡು ಓಡಿದರು.

ಚಿಂತಾಮಣಿಗೆ ಹೋದದ್ದು ಶುಕ್ರವಾರ, ಊಟದ ಹೊತ್ತು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಕೋಣೆಯಿಂದ ಹಿತಕಿದ ಬೇಳೆ ಸಾರಿನ ಘಮ ಬರುತ್ತಿತ್ತು. ನಾನು ಮೇಜಿನಿಂದ ಮೇಜಿಗೆ ಬಗ್ಗಿ ನೋಡುತ್ತಾ ಹೋದೆ. ಮೊದಲನೆಯದರ ಬಟನ್ನಿನ ಮೇಲೆ ಕುಂಕುಮ. ಎರಡನೆಯದರ ಮೇಲೂ. ಮೂರು, ನಾಲ್ಕು... ಏಳರ ಮೇಲೂ ಕುಂಕುಮ! ಒಂದು ಇಡೀ ಕಚೇರಿ ದಸರೆಯಿಂದ ಕೆಲಸವನ್ನೇ ಮಾಡಿಲ್ಲ! ಸಂತೋಷಪಡಬೇಕೋ ಗಾಬರಿಯಾಗಬೇಕೋ ತಿಳಿಯದೆ, 'ಚಿಂತಾಮಣಿ: ಏಳಕ್ಕೆ ಏಳು' ಎಂದು ಬರೆದೆ.

ಊಟ ಮುಗಿಸಿ ಎಲ್ಲರೂ ಬಂದರು. ಬೆಳಗಿನಿಂದ ಇಲ್ಲದ ಕರೆಂಟು ಆಗಷ್ಟೇ ಬಂದಿತ್ತೆಂದು ಒಬ್ಬೊಬ್ಬರಾಗಿ ಕೂತು, ಕುಂಕುಮದ ಮೇಲೇ ಬೆರಳೊತ್ತಿ ಕಂಪ್ಯೂಟರ್ ಆನ್ ಮಾಡಿದರು.

"ಏನ್ ಸಾರ್, ಹಬ್ಬದ್ ಕುಂಕುಮ ಇವತ್ತು ಅಳಿಸ್ತಾ ಇದೀರಾ?" ಎಂದೆ.

ಅಟೆಂಡರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ಯಾವ ಹಬ್ಬದ್ದಮ್ಮಾ? ಇವತ್ತು ಶುಕ್ರವಾರಂ ಕದಾ. ಪ್ರತೀ ಶುಕ್ರವಾರ ಬಾಗಿಲು ತೆಗೀತಿದ್ದಂಗೆ ಎಲ್ಲಕ್ಕೂ ನಾನೇ ಇಡ್ತೀನಿ."

ನಾನು ಏಳಕ್ಕೆ ಏಳನ್ನು ಹೊಡೆದುಹಾಕುವುದನ್ನು ನೋಡಿ, ಏನದು ಎಂದು ಕೇಳಿದರು. ಹೇಳಬೇಕಾಯಿತು. ಕಚೇರಿಯೇ ನಕ್ಕಿತು.

"ನೋಡ್ರಪ್ಪಾ, ನಿಮ್ಮೆಲ್ರಿಗೂ ಒಂದೇ ಸಲ ರಿಟೈರ್‌ಮೆಂಟ್ ಕೊಟ್ಬಿಟ್ಟಿದ್ಲು ಈ ಹುಡುಗಿ!" ಎಂದು ಅಟೆಂಡರಮ್ಮ ಎಲ್ಲರಿಗೂ ಸಾರಿದರು. ನನಗೂ ಒಂದು ತಟ್ಟೆ ಬಂತು, ಮುದ್ದೆಯ ಜೊತೆ. ಉಂಡು, ಸಂಜೆ ಬಾಗಿಲು ಹಾಕುವ ತನಕ ಅಲ್ಲೇ ಕೂತೆ. ಆಗ ಎರಡು ಬಟನ್ನಿನ ಮೇಲೆ ಮಾತ್ರ ಬೆಳಗಿನ ಕುಂಕುಮ ಉಳಿದಿತ್ತು. ಅವನ್ನೂ ಆನ್ ಮಾಡಿ ನೋಡಿದೆ. ವರ್ಷದಿಂದ ಅವುಗಳಲ್ಲಿ ಒಂದು ಅರ್ಜಿಯೂ ಹೋಗಿರಲಿಲ್ಲ. ಒಂದರ ಕೀಬೋರ್ಡಿಗೆ ತಂತಿಯೇ ಇರಲಿಲ್ಲ.

ಚಿಕ್ಕಬಳ್ಳಾಪುರದ ಒಂಬತ್ತನ್ನು ನಾನು ನೋಡಲೇ ಇಲ್ಲ. ನಾನೇ ಅಲ್ಲಿ ಕೂರುತ್ತೇನೆ, ನೋಡುವುದೇನಿದೆ? ಒಂಬತ್ತಕ್ಕೆ ಒಂಬತ್ತೂ ಬಳಕೆಯಲ್ಲಿವೆ ಎಂದು ಬರೆದು, ಫೈಲನ್ನು ಸಾಹೇಬರ ಮುಂದಿಟ್ಟೆ: ನಾಲ್ಕು ಬಿಡುವಾಗಿವೆ, ಒಂದು ಲೈಸೆನ್ಸನ್ನು ನಗರಗೆರೆಗೆ ಕೊಟ್ಟು ಮೂರನ್ನು ಬಿಡಬಹುದು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿಯೂ ಕೇಳಿದ್ದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಲೈಸೆನ್ಸ್ ಬದಲಿಸಲು ದುಡ್ಡು ಬೇಕಿಲ್ಲವಂತೆ. "ಇಷ್ಟು ದಿನ ಯಾರೂ ಕೇಳೇ ಇರ್ಲಿಲ್ಲ ಮೇಡಂ," ಎಂದಿದ್ದರು ಆ ಕಡೆಯವರು.

ಚಿಂತಾಮಣಿಯ ಕುಂಕುಮದ ಕಥೆ ಆಗಲೇ ಸಾಹೇಬರ ಕಿವಿಗೂ ಬಿದ್ದಿತ್ತು. ಅವರು ಟಿಪ್ಪಣಿ ಪೂರ್ತಿ ಓದಿದರು. ಮುಖ ಬಾಡಿತು.

"ಇದರಲ್ಲಿ ಒಂದು ತೊಡಕಿದೆ ಕಣಮ್ಮ. ಈ ವರ್ಷ ಕಮ್ಮಿ ಕೇಳಿದ್ರೆ ಮುಂದಿನ ವರ್ಷ ನಮ್ಗೆ ಕಮ್ಮೀನೇ ಕೊಡೋದು. ಆಮೇಲೆ ಬೇಕು ಅಂದ್ರೆ ಹುಟ್ಟಲ್ಲ."

"ಬೇಕಾದಾಗ ಬೇಕು ಅಂತ ತೋರ್ಸೋಣ ಸಾರ್. ಈಗ ತೋರ್ಸಿದ ಹಾಗೇ."

"ಸರಿ, ಲೈಸೆನ್ಸ್ ಕೊಟ್ಟೆ ಅಂತಾನೇ ಇಟ್ಕೋ. ಕಂಪ್ಯೂಟರ್? ಆ ನಾಲ್ಕೂ ಮುದಿ ಅಂತ ನೀನೇ ಬರ್ದಿದೀಯ. ನಗರಗೆರೆಗೆ ಹೋಗೋ ಜೀಪಿನ ಕುಲುಕಾಟಕ್ಕೇ ಸತ್ತುಹೋಗ್ತವೆ. ಬಿಡು, ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷಕ್ಕೆ ಕೌಂಟರೇ ಇರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೈಯಲ್ಲಿದ್ದ ಪೆನ್ನು ಜಾರಿ ಸಾಹೇಬರ ಮೇಜಿನ ಕೆಳಗೆ ಉರುಳಿತು. ಬಗ್ಗಿದೆ. ಪೆನ್ನು ಸಾಹೇಬರ ಕಂಪ್ಯೂಟರಿಗೆ ಒರಗಿ ನಿಂತಿತ್ತು. ಕಳೆದ ವರ್ಷವಷ್ಟೇ ಬಂದ ಹೊಸದು. ಅದರ ಬಟನ್ನಿನ ಮೇಲೆ ಅರಿಶಿನ. ಅದರ ಮೇಲೆ, ಚೂರೂ ಕದಡದ ಕುಂಕುಮ.

ನಾನು ಏಳುವುದು ತಡವಾಯಿತು.

"ಏನಮ್ಮ, ಪೆನ್ ಸಿಗ್ಲಿಲ್ವಾ?"

"ಸಿಕ್ತು ಸಾರ್."

"ಮತ್ತೆ?"

ಅವರೂ ಮೆಲ್ಲಗೆ ಬಗ್ಗಿದರು. ಮೇಜಿನ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು, ನಡುವೆ ಕುಂಕುಮ. ಸಾಹೇಬರು ಎಲ್ಲವನ್ನೂ ನಮಗೆ ಬಾಯಲ್ಲಿ ಹೇಳಿ ಬರೆಸುವವರು, ಓದುವುದಿದ್ದರೆ ಮೊಬೈಲಿನಲ್ಲೇ. ಅವರ ಪರದೆಯ ಅಂಚಿಗೆ ಸದಾ ಒಂದು ಒದ್ದೆ ಕರ್ಚೀಫು ಒಣಗುತ್ತಿತ್ತು. ದಿನಾ ನೋಡುತ್ತಿದ್ದರೂ ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಅವರು ತಲೆ ಎತ್ತುವಾಗ ಮೇಜಿಗೆ ಹಣೆ ತಾಗಿತು. ಉಜ್ಜಿಕೊಳ್ಳುತ್ತಲೇ ನಗಲು ಶುರುಮಾಡಿದರು.

"ಚಿಂತಾಮಣಿಯೋರ್ನ ರಿಟೈರ್ ಮಾಡ್ಸೋಕೆ ಹೋಗಿ ನನ್ನನ್ನೇ ಮಾಡ್ಸಿದೆಯಲ್ಲೇ! ಬರ್ಕೋ, ಐದು. ಇದನ್ನೇ ಕಳ್ಸು ನಗರಗೆರೆಗೆ. ಉಳ್ದ ನಾಲ್ಕನ್ನ ನವೀಕರಿಸೋದು ಬೇಡ. ಆದ್ರೆ ಟಿಪ್ಪಣೀಲಿ ಕುಂಕುಮ ಅಂತ ಬರೀಬೇಡ, ಆಡಿಟ್‌ನೋರಿಗೆ ನಾನು ಏನ್ ಹೇಳ್ಲಿ?"

'ದೀರ್ಘಕಾಲದಿಂದ ಚಾಲನೆಯಾಗಿರುವುದಿಲ್ಲ' ಎಂದು ಬರೆದೆ. ಮೂವತ್ತೊಂದರ ಜಾಗದಲ್ಲಿ ಇಪ್ಪತ್ತೇಳು ಎಂದು ಟೈಪ್ ಮಾಡಿ, ಎರಡು ಸಲ ಕೂಡಿ ನೋಡಿ ಕಳಿಸಿದೆ. ಮಾರ್ಚ್ ಮೊದಲ ವಾರ ಹಾಗೆಯೇ ಮಂಜೂರಾಗಿ ಬಂತು.

ಮರು ಸೋಮವಾರ ಕಂಪ್ಯೂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡು ನಗರಗೆರೆಗೆ ಹೋದೆ. ಕೌಂಟರಿನ ಮುಂದೆ ಹತ್ತಾರು ಜನ ಸೇರಿದ್ದರು. ತಂತಿ ಜೋಡಿಸಿದ್ದಾಯಿತು. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಟನ್ನಿನ ಹತ್ತಿರ ಬೆರಳು ತಂದು ನಿಲ್ಲಿಸಿದರು.

"ಸಾಹೇಬ್ರ ಮನೆ ದೇವ್ರ ಕುಂಕುಮ ಇದ್ದಂಗಿದೆ. ಅಳಿಸ್ಲೇನೇ?"

"ಅದು ಅಳಿಸೋಕೆ ಇಟ್ಟಿರೋದೇ ಅಕ್ಕ."

ಒತ್ತಿದರು. ಪರದೆ ಬೆಳಗಿತು. ಮೊದಲ ಅರ್ಜಿ ಒಬ್ಬ ಅಜ್ಜಿಯದು. ಮಧ್ಯಾಹ್ನದ ಬಸ್ಸು ಬರುವ ಮೊದಲೇ ಅವರ ರಸೀತಿ ಹೊರಗೆ ಬಂತು. ಅಕ್ಕ ಅದನ್ನು ತೆಗೆದುಕೊಟ್ಟಾಗ ಮೂಲೆಯಲ್ಲಿ ಅವರ ಬೆರಳಿನ ಕೆಂಪು ಗುರುತು ಮೂಡಿತ್ತು.

ಅಜ್ಜಿ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಇದೇನ್ ತಾಯಿ, ಇವತ್ತೇ ಕೊಟ್ಬಿಟ್ಟೆ? ಕೆಂಪು ಸೀಲು ಬೇರೆ ಹಾಕಿದೀಯ!"

"ಹೂಂ ಅಜ್ಜಿ," ಎಂದರು ಅಕ್ಕ, ಮುಂದಿನವರಿಗೆ ಕೈ ಚಾಚುತ್ತಾ. "ಕೌಂಟ್ರು ತೆಗ್ದಿದೆ ಅನ್ನೋ ಸೀಲು."

ಮಧ್ಯಾಹ್ನದ ಬಸ್ಸು ಬಂದು ಹಾರನ್ ಹೊಡೆಯಿತು. ಕಂಡಕ್ಟರು ಇಳಿದು ಕೌಂಟರಿನ ಕಡೆ ನೋಡಿದ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, ಹೋಗು ಎಂದು ಕೈ ಬೀಸಿದರು.