ಕರಿಗಣ್ಣಿನ ಅವರೆ

ನನ್ನ ಓರಗಿತ್ತಿ ಕೆಟ್ಟವಳಾಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಮೆಟ್ಟೂರಿನ ಅಣೆಕಟ್ಟಿನಲ್ಲಿ ಹೊಸದಾಗಿ ನೀರು ನಿಂತ ಕಾಲ ಅದು. ಕೊಳತ್ತೂರು ಕಡೆಯ ಕುರಿ ಸಾಕುವವರ ಮನೆಯಿಂದ ನಾನು ಕಂಬೈನಲ್ಲೂರಿನ ಹತ್ತಿರದ ಹಳ್ಳಿಗೆ ಹಿರಿಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಬೀಜದ ಗಡಿಗೆಗಳನ್ನು ಕಾಯುವುದು ಆ ಮನೆಯಲ್ಲಿ ಹಿರಿಸೊಸೆಯ ಹಕ್ಕು. ಅತ್ತೆ ಅವನ್ನು ಕೊಟ್ಟದ್ದು ಮೊನ್ನೆ ಮೊನ್ನೆ ಕಾಲಿಟ್ಟ ಕಿರಿಸೊಸೆಗೆ. “ನಿಂಗೆ ಕುರಿ ಗೊತ್ತು, ಬೀಜ ಗೊತ್ತಿಲ್ಲ. ಅವ್ಳು ಬೇಸಾಯ್ದೋರ ಮಗ್ಳು” ಅಂದುಬಿಟ್ಟರು, ಅದೂ ನಾಲ್ಕು ಹೆಂಗಸರ ಮುಂದೆ!

ಆಗೆಲ್ಲ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಹರಳು, ಹುಚ್ಚೆಳ್ಳು, ಜೋಳ ಎಲ್ಲ ಆ ಸಾಲುಗಳಲ್ಲಿ. ಒಂದೊಂದಕ್ಕೂ ಒಂದೊಂದು ಗಡಿಗೆ. ಓರಗಿತ್ತಿ ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರೆ ಅತ್ತೆ ಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನು ಎದ್ದು ಕುರಿ ಹಟ್ಟಿಗೆ ಹೋಗಿಬಿಡುತ್ತಿದ್ದೆ.

ಅದೇ ಹೊತ್ತಿಗೆ ನನ್ನ ಗಂಡ ಸಂತೆಯ ವ್ಯಾಪಾರಿಯಿಂದ ಕಳ್ಳೇಕಾಯಿಯ ಮಾತು ಹೊತ್ತು ತಂದರು. “ಯಾವಾರಿ ತಮಿಳ್ನಾಗೆ ಏಳ್ದ, ‘ಒರೇ ಪಯಿರು ಪೋಡುಂಗ’ ಅಂತ. ಒಂದೇ ಬೆಳೆ ಆಕಿದ್ರೆ ಎಣ್ಣೆ ಗಾಣದೋರು ಒಲಕ್ಕೇ ಬತ್ತಾರಂತೆ” ಅಂದರು. ಕಳ್ಳೇಕಾಯಿಯ ಗಂಧಗಾಳಿ ನನಗೆ ಗೊತ್ತಿರಲಿಲ್ಲ. ಆದರೂ ಕೂಡಲೇ ಅವರ ಪಕ್ಷ ಹಿಡಿದೆ. “ಒಂದು ಒಲದಾಗೆ ಅತ್ತು ಬೀಜ ಕಲಸೋದು ಹಳೇ ಕಾಲದ ಪೆದ್ದುತನ” ಎಂದು ಓರಗಿತ್ತಿಗೆ ಕೇಳಿಸುವಂತೆ ಹೇಳಿದೆ. ಊರವರು ನನ್ನನ್ನು ಹೊಸ ಬುದ್ಧಿಯವಳು ಅಂದರು. ಗಡಿಗೆಗಳು ಬೇಡವಾದರೆ ಅವಳ ಮರ್ಯಾದೆಯೂ ಹೋಗುತ್ತದಲ್ಲ, ಅಷ್ಟೇ ನನ್ನ ಹೊಸ ಬುದ್ಧಿ.

ದೊಡ್ಡ ಹೊಲಕ್ಕೆಲ್ಲ ಕಳ್ಳೇಕಾಯಿ ಎಂದು ತೀರ್ಮಾನವಾಯಿತು. ಕೆಳಗಿನ ಹೊಲ ಮಾತ್ರ ಅಕ್ಕಡಿಗೇ ಇರಲಿ ಎಂದು ಅತ್ತೆ ಹಟ ಹಿಡಿದರು. ಅಲ್ಲಿಗೆ ಅವರ ಕರಿಗಣ್ಣಿನ ಅವರೆ ಬೇಕೇ ಬೇಕು. ಕಾಳಿನ ಮೂತಿಯಲ್ಲಿ ಕಾಡಿಗೆ ಇಟ್ಟಂಥ ಚುಕ್ಕೆ ಅದಕ್ಕೆ. ರಾಗಿ ಕೊಯ್ದ ಮೇಲೂ ಬರೀ ಇಬ್ಬನಿಯಲ್ಲಿ ಕಾಯಿ ಬಿಡುತ್ತಿತ್ತು. ಅತ್ತೆ ಮದುವೆಯಾಗಿ ಬರುವಾಗ ಸೆರಗಿನ ಗಂಟಲ್ಲಿ ತಂದದ್ದು. ಅವರ ತವರಲ್ಲಿ ಎಲ್ಲರೂ ಕಳ್ಳೇಕಾಯಿಗೆ ತಿರುಗಿ ಅದು ಅಳಿದೇ ಹೋಗಿತ್ತು. ಉಳಿದದ್ದು ನಮ್ಮ ಮನೆಯ ಆ ಒಂದು ಗಡಿಗೆಯಲ್ಲಿ ಮಾತ್ರ.

ಬಿತ್ತನೆಗೆ ಮುಂಚೆ ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಆ ಗಡಿಗೆಯ ಬಾಯಿ ಒಡೆದೆ. ಕಾಳನ್ನೆಲ್ಲ ನೆನೆಹಾಕಿ, ಗುರುತು ಸಿಗಬಾರದೆಂದು ಒಂದೊಂದನ್ನೂ ಹಿಚುಕಿ ಸಿಪ್ಪೆ ಬಿಡಿಸಿ, ಮುದ್ದೆಗೆ ಸಾರು ಮಾಡಿದೆ. ಸಂತೆಯ ಕಾಳು ಅಂದೆ. ಎಲ್ಲರೂ ಚಪ್ಪರಿಸಿ ಉಂಡರು.

ಸಿಪ್ಪೆಯನ್ನು ಕುರಿಗೆ ಹಾಕಿದ್ದೆ. ಮಾರನೆಯ ದಿನ ಓರಗಿತ್ತಿ ಕುರಿ ಹಟ್ಟಿಯಿಂದ ಬಂದವಳು ನನ್ನೆದುರು ಅಂಗೈ ಬಿಚ್ಚಿದಳು. ಕಪ್ಪು ಚುಕ್ಕೆಯ ಎರಡು ಸಿಪ್ಪೆ. ಆಮೇಲೆ ಕೈ ಕೊಡವಿ ಒಳಗೆ ಹೋದಳು. ಬಿತ್ತನೆಯ ದಿನ ಅತ್ತೆ ಬೀಜ ಕೇಳಿದಾಗ, “ಉಳ ಬಿದ್ದೋಯ್ತು ಅತ್ತೆ, ನಂದೇ ತಪ್ಪು” ಅಂದಳು. ಅತ್ತೆ ಬಾಯಿಗೆ ಬಂದದ್ದೆಲ್ಲ ಬೈದು, ಗಡಿಗೆಗಳನ್ನು ನನ್ನ ವಶಕ್ಕೆ ಕೊಟ್ಟರು. ನಾನು ಬಯಸಿದ್ದು ಸಿಕ್ಕಿತು. ಅಯ್ಯೋ, ಸಿಕ್ಕಿ ಏನು ಬಂತು! ಈಗ ಅವಳ ಒಳ್ಳೆತನದ ಮೇಲೆ ಹೊಟ್ಟೆ ಉರಿಯತೊಡಗಿತು.

ಎರಡು ವರ್ಷ ಕಳ್ಳೇಕಾಯಿ ಚೆನ್ನಾಗಿಯೇ ಬಂತು. ಮೂರನೆಯ ವರ್ಷ ಕೆಂಪು ಕಂಬಳಿಹುಳ ಬಿದ್ದು ದೊಡ್ಡ ಹೊಲದಲ್ಲಿ ಬರೀ ಕಡ್ಡಿ ಉಳಿಯಿತು. ಕೆಳಗಿನ ಹೊಲದಲ್ಲೂ ಹುಳ ಹರಳನ್ನು ಮುಕ್ಕಿತ್ತು. ಆದರೂ ರಾಗಿ ನಿಂತಿತ್ತು, ತೊಗರಿ ನಿಂತಿತ್ತು. ಗಂಡ ಎರಡೂ ಹೊಲ ಸುತ್ತಿ ನೋಡಿದರು. ಮನೆಗೆ ಬಂದು, “ಅವ್ವಾ, ನೀನೇಳಿದ್ದೇ ಸರಿ. ಬರೋ ವರ್ಷ ಎಲ್ಲಾ ಕಡೆ ಅಕ್ಕಡಿ ಬಿಡ್ತೀನಿ. ಆ ಕರಿಗಣ್ಣವರೆ ಇದ್ದಿದ್ರೆ...” ಅಂದರು.

ಅಷ್ಟೇ ಸಾಕಾಯಿತು, ಅತ್ತೆ ಕಿರಿಸೊಸೆಯ ಮೇಲೆ ಹರಿಹಾಯ್ದರು. “ಉಳಕ್ಕೆ ಆಕಿದ್ಲಲ್ಲ ಈ ಮನೆಹಾಳಿ!” ಅವಳು ತಲೆ ತಗ್ಗಿಸಿ ರಾಗಿ ಕೇರುತ್ತಲೇ ಇದ್ದಳು. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಅವಳು ನೋಡಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಈ ಸಲವೂ ಇವಳೇ ದೊಡ್ಡವಳಾಗಬೇಕೇ ಎಂದು ಮೈಯೆಲ್ಲ ಉರಿದುಹೋಯಿತು.

“ಉಳ ಬಿದ್ದಿಲ್ಲ ಅತ್ತೆ. ನಾನೇ ಬೇಯಿಸ್ಬುಟ್ಟೆ, ಹೊಟ್ಟೆಕಿಚ್ಚಿಗೆ” ಅಂದೆ. “ಅವತ್ತು ಸಂತೆ ಕಾಳು ಅಂದ್ನಲ್ಲ, ಅದೇ.”

ಅತ್ತೆ ಹೊಡೆಯುತ್ತಾರೆ ಅಂದುಕೊಂಡೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

“ಅವತ್ತು ನಾನು ಎರಡು ಸಲ ಆಕಿಸ್ಕೊಂಡು ಉಂಡ್ನಲ್ಲೇ” ಅಂದರು.