ಹೋಲ್ಡಿಗೆ ಇಳಿಬಿಟ್ಟ ಲಾಟೀನು

1916ರಲ್ಲಿ ನಾನು ನೌಕಾದಳಕ್ಕೆ ಸರಕು ಒದಗಿಸುವ ಹಡಗೊಂದರಲ್ಲಿ ಸ್ಟೋರ್ ಗುಮಾಸ್ತನಾಗಿದ್ದೆ. ಹೊಳಲ್ಕೆರೆಯಲ್ಲಿ ಹುಟ್ಟಿ, ಕೆರೆಗಿಂತ ದೊಡ್ಡ ನೀರು ಕಾಣದವನಿಗೆ ಆ ನೌಕರಿ ಹೇಗೆ ಸಿಕ್ಕಿತೆಂದು ಕೇಳಬೇಡಿ. ನನಗೆ ಇಂಗ್ಲಿಷ್ ಬರುತ್ತಿತ್ತು, ಯುದ್ಧಕ್ಕೆ ಜನ ಬೇಕಿತ್ತು, ಅಷ್ಟೆ. ಹಡಗು ಮೊದಲು ಕಲ್ಲಿದ್ದಲು ಸಾಗಿಸುತ್ತಿತ್ತಂತೆ. ಯುದ್ಧ ಶುರುವಾದ ಮೇಲೆ ನೌಕಾದಳ ಅದನ್ನು ಬೊಂಬಾಯಿಯಿಂದ ಬಸ್ರಾಕ್ಕೆ ದಿನಸಿ, ಮೇವು, ಕುಡಿಯುವ ನೀರು ಒಯ್ಯಲು ಹಚ್ಚಿತ್ತು. ಯುದ್ಧನೌಕೆಯವರು ನಮ್ಮನ್ನು ಕಿರಾಣಿ ಅಂಗಡಿಯವರೆಂದು ಆಡಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ನಮ್ಮ ದಾರಿಯನ್ನೇ ಕಾಯುತ್ತಿದ್ದರು.

ಸರಕು ಹೊರುವ ಆಳುಗಳಲ್ಲಿ ಮತ್ತೋಡಿನ ಕರಿಯಪ್ಪನಿದ್ದ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೊಂಬಾಯಿ ಸೇರಿದವನು. ಹಡಗಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ.

ಆ ಸಲ ದಾರಿಯಲ್ಲಿ ಬಿರುಗಾಳಿ ಸಿಕ್ಕಿ, ಮುಂದಿನ ಹೋಲ್ಡಿಗೆ, ಎಂದರೆ ಡೆಕ್ಕಿನ ಕೆಳಗೆ ಸರಕು ತುಂಬುವ ಕೋಣೆಗೆ, ನೀರು ನುಗ್ಗಿತು. ಅದರಲ್ಲಿದ್ದುದು ಗೋಧಿ, ಕುದುರೆಗಳ ಹುರುಳಿ. ಮುಚ್ಚಳ ಬಿಗಿದು ಒಂಬತ್ತು ದಿನ ಸಾಗಿದೆವು. ಬಸ್ರಾದಲ್ಲಿ ಲಂಗರು ಹಾಕುತ್ತಲೇ ಕ್ಯಾಪ್ಟನ್ ಅವಸರ ಮಾಡಿದರು. ನದಿಯ ಮೇಲ್ಗಡೆ ಇದ್ದ ಸೈನ್ಯಕ್ಕೆ ಹೋಗುವ ದೋಣಿಗಳು ಗೋಧಿಗಾಗಿ ಕಾದಿದ್ದವು. ಮುಚ್ಚಳ ತೆಗೆಸಿ, ಎಷ್ಟು ಚೀಲ ನೆನೆದಿವೆ ನೋಡೋಣವೆಂದು ನಾನೇ ಕಬ್ಬಿಣದ ಏಣಿಗೆ ಕಾಲಿಟ್ಟೆ. ಕರಿಯಪ್ಪ ನನ್ನ ಕೋಟು ಹಿಡಿದು ಜಗ್ಗಿದ.

"ಇಳಿಬ್ಯಾಡ್ರಿ ಸ್ವಾಮಿ. ಬಾಯಿ ಮುಚ್ಚಿದ ಹಗೇವು ಇದ್ದಂಗೈತೆ ಇದು. ಮೊದ್ಲು ದೀಪ ಬಿಡಾಣ."

ಹಗೇವು ಎಂದರೆ ನಮ್ಮ ಕಡೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಲೇ, ಇದು ಮತ್ತೋಡಲ್ಲ, ಹಡಗು! ಕೋಟು ಬಿಡಲೇ!"

"ನಮ್ಮಣ್ಣನೂ ಹಿಂಗೇ ಬೈದು ಹಗೇವಿಗೆ ಇಳಿದಿದ್ದ. ಮ್ಯಾಲೆ ಬರಲೇ ಇಲ್ಲ," ಎಂದ ಕರಿಯಪ್ಪ. ಕೋಟು ಬಿಡಲಿಲ್ಲ.

ನಾನು ಏಣಿಯಿಂದ ಹಿಂದೆ ಸರಿದ ಮೇಲೆಯೇ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಬತ್ತಿ ಸಣ್ಣಗಾಗಿ ಆರಿತು. ಗಾಳಿಗೆ ಆರಿರಬೇಕೆಂದು ಕ್ಯಾಪ್ಟನ್ ಗದರಿದರು. ಕರಿಯಪ್ಪ ಮತ್ತೆ ಹಚ್ಚಿ ಇಳಿಸಿದ. ಅದೇ ಆಳದಲ್ಲಿ ಮತ್ತೆ ಆರಿತು. ನೆನೆದ ಕಾಳು ಹುಳಿಹಿಡಿದು ಒಳಗಿನ ಗಾಳಿಯನ್ನು ಕೆಡಿಸಿತ್ತು; ದೀಪ ಉರಿಯದ ಕಡೆ ಮನುಷ್ಯನೂ ಉಸಿರಾಡಲಾರ. ಕರಿಯಪ್ಪನ ಅಣ್ಣನ ಸುದ್ದಿಯನ್ನು ನಾನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾಪ್ಟನ್ ಟೋಪಿ ತೆಗೆದು ಹಣೆ ಒರೆಸಿಕೊಂಡರು, ಮತ್ತೆ ಅವಸರದ ಮಾತೆತ್ತಲಿಲ್ಲ.

ಹಾಯಿಬಟ್ಟೆಯ ಕೊಳವೆ ಇಳಿಸಿ ಒಳಗೆ ಗಾಳಿ ಹಾಯಿಸುತ್ತ ಮಧ್ಯಾಹ್ನದವರೆಗೆ ಕಾದೆವು. ಮೂರನೆಯ ಸಲ ಬಿಟ್ಟ ಲಾಟೀನು ತಳ ಮುಟ್ಟಿಯೂ ಉರಿಯುತ್ತಿತ್ತು.

"ಈಗ ಹೋಗಾಣ ಬರ್ರಿ," ಎಂದು ಕರಿಯಪ್ಪ ತಾನೇ ಮುಂದೆ ಇಳಿದ. ಮೇಲಿನ ಸಾಲಿನ ಚೀಲಗಳು ಚೆನ್ನಾಗಿಯೇ ಇದ್ದವು. ಸಂಜೆಯೊಳಗೆ ದೋಣಿಗಳು ಗೋಧಿ ತುಂಬಿಕೊಂಡು ಹೊರಟವು.

ಮರುದಿನದಿಂದ, ಹೋಲ್ಡ್ ತೆರೆದಾಗ ಮೊದಲು ದೀಪ ಇಳಿಸಬೇಕೆಂಬುದು ಹಡಗಿನ ನಿಯಮವಾಯಿತು. ಯುದ್ಧ ಮುಗಿದು ಹಡಗು ಮತ್ತೆ ಕಲ್ಲಿದ್ದಲಿಗೆ ಮರಳುವವರೆಗೂ ಕೆಳಗಿಳಿದವರೆಲ್ಲ ತಮ್ಮ ಕಾಲ ಮೇಲೆಯೇ ಹತ್ತಿ ಬಂದರು. ನನಗೆ ಆ ನೌಕರಿ ಕಲಿಸಿದ್ದು ಇಷ್ಟೇ: ಅವಸರದಲ್ಲಿರುವಾಗ ಯಾರಾದರೂ ತಡೆದರೆ ಮೊದಲು ನಿಲ್ಲುತ್ತೇನೆ, ಸಿಟ್ಟಾಗುವುದು ಆಮೇಲೆ.